ಹಲ್ಲುಮೇಸ್ತ್ರಿಯ ಹರಿಕೇನ್

ಮೂರನೇ ಕಣ್ಣು ತೆರೆದು ಲೋಕವನ್ನು ನಡುಗಿಸಿದವರ ಕಥೆ ಎಲ್ಲರಿಗೂ ಗೊತ್ತು. ಎರಡನೇ ಕಣ್ಣು ಮುಚ್ಚಿ ಒಂದಿಡೀ ಬೀದಿಯನ್ನು ನಡುಗಿಸಿದವನು ನಮ್ಮ ಹಲ್ಲುಮೇಸ್ತ್ರಿ ಒಬ್ಬನೇ. ಎಂಥ ವಸ್ತು ಕಣ್ಣಿಗೆ ಬಿದ್ದರೂ ಅವನು ನಿಂತಲ್ಲೇ ಮೊಣಕಾಲು ಮಡಚಿ, ತಲೆಯನ್ನು ಅದರ ಮಟ್ಟಕ್ಕೆ ಇಳಿಸಿ, ಎಡಗಣ್ಣು ಮುಚ್ಚಿ ನೋಡುತ್ತಿದ್ದ. ಚಹಾದ ಲೋಟ, ಬಾಗಿಲ ಚಿಲಕ, ನಿಲ್ಲಿಸಿಟ್ಟ ಸ್ಕೂಟರು, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಅವನು ಹಾಗೆ ನೋಡಿದರೆ ಸಾಕು, ಗೋಡೆ ಎಲ್ಲಿ ಅರ್ಧ ಅಂಗುಲ ವಾಲಿದೆ ಎಂಬುದು ಬಯಲಾಗುತ್ತದೆಂದು ಗಾರೆ ಕೆಲಸದವರು ಅವನು ಬರುವ ಹೊತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲುತ್ತಿದ್ದರಂತೆ. ಎದುರುಮನೆಗೆ ಹೊಸದಾಗಿ ಬಂದ ಹೆಂಗಸು, ಆತ ತನಗೆ ಕಣ್ಣು ಹೊಡೆದನೆಂದು ದೂರು ತಂದಾಗ ಮೇಸ್ತ್ರಿಯ ಹೆಂಡತಿ, "ನಿಮಗಲ್ಲಮ್ಮ, ನಿಮ್ಮ ಹಿಂದೆ ಇದ್ದ ಗ್ಯಾಸ್ ಸಿಲಿಂಡರಿಗೆ," ಎಂದು ಸಮಾಧಾನ ಹೇಳಿ ಕಳಿಸಿದ್ದಳು. ಅದರಿಂದ ಆಕೆಗೆ ಸಮಾಧಾನವಾಯಿತೋ ಬೇಸರವಾಯಿತೋ ಇಂದಿಗೂ ತಿಳಿದಿಲ್ಲ.

ನಿಜ ಸಂಗತಿ ಇಷ್ಟೇ. ಒಂದು ಕಣ್ಣು ಮುಚ್ಚಿ ಹತ್ತಿರದಿಂದ ನೋಡಿದರೆ ಪುಟ್ಟ ವಸ್ತುವಿಗೂ ದೊಡ್ಡದರ ಗತ್ತು ಬರುತ್ತದೆ. ಮೇಜಿನ ಮೇಲಿನ ಪ್ಲಾಸ್ಟಿಕ್ ವಿಮಾನ ಆಗ ಹಾರಲು ಸಿದ್ಧವಾಗಿ ನಿಂತ ನಿಜ ವಿಮಾನವೇ ಆಗಿಬಿಡುತ್ತದೆ. ಈ ಗುಟ್ಟು ಮೇಸ್ತ್ರಿಗೆ ಹನ್ನೆರಡನೇ ವಯಸ್ಸಿನಲ್ಲಿ ತಿಳಿಯಿತು. ಅಂದಿನಿಂದ ಐವತ್ತೊಂದರವರೆಗೆ ಎಡಗಣ್ಣಿಗೆ ಅರ್ಧ ದುಡಿಮೆ, ಬಲಗಣ್ಣಿಗೆ ಒಂದೂವರೆ.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಮೇಸ್ತ್ರಿ ಮನೆಯ ಮುಂಗೋಣೆಯಲ್ಲಿ ಕೂತು ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ಪ್ಲಾಸ್ಟರಿನಲ್ಲಿ ಹುಗಿದು, ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ಕಣಕ ತುಂಬಿ, ಕುದಿಸಿ, ಉಜ್ಜಿ, ಕನ್ನಡಿಯಂತೆ ಹೊಳೆಯಿಸಿ ಕೊಡುತ್ತಿದ್ದ. ಆ ಬೀದಿಯ ಹಿರಿಯರ ನಗುವಿನಲ್ಲಿ ಮುಕ್ಕಾಲು ಪಾಲು ಅವನ ಕೈಯದ್ದೇ. ಅಂಥ ಕೈ, ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿ ವಿಮಾನದ ಪೆಟ್ಟಿಗೆ ಮುಂದೆ ಮಾತ್ರ ಹಿಂದೆ ಸರಿಯುತ್ತಿತ್ತು.

ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ವಿಮಾನ ಕಟ್ಟಿ ಮುಗಿಸುವ ಕೊನೇ ಗಳಿಗೆಯಲ್ಲಿ, ಪೈಲಟ್ ತಲೆಯ ಮೇಲಿನ ಗಾಜಿಗೆ ಅಂಟು ಮೆತ್ತಿದ ಹೆಬ್ಬೆಟ್ಟು ತಾಗಿ ಗುರುತು ಬಿದ್ದಿತ್ತು. ಜಮೀನಿನ ಪತ್ರಕ್ಕೆ ಒತ್ತಿದಷ್ಟು ಸ್ಪಷ್ಟವಾದ ಹೆಬ್ಬೆಟ್ಟು. ಮೇಸ್ತ್ರಿ ಆ ಮೇಲೆ ಒಂದನ್ನೂ ಕಟ್ಟಲಿಲ್ಲ. ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬೀರುವಿನ ಮೇಲೆ, ಮಂಚದ ಕೆಳಗೆ, ಅಟ್ಟದಲ್ಲಿ ಸೇರಿ ಇಪ್ಪತ್ತಮೂರು ಕಿಟ್‌ಗಳು. ವರ್ಷಕ್ಕೊಮ್ಮೆ ಕೆಳಗಿಳಿಸಿ, ಮುಚ್ಚಳ ತೆಗೆದು, ಮೂಸಿ, ಒಳಗಿನ ಕಾಗದ ಓದಿ, ಮತ್ತೆ ಮುಚ್ಚಿಡುವನು. ಯಾಕೆ ಕಟ್ಟಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ಇವೆಲ್ಲ ಹಾಗೇ ಸುಮ್ನೆ. ಹರಿಕೇನ್ ಬರ್ಲಿ."

ಎರಡನೇ ಮಹಾಯುದ್ಧದ ವಿಮಾನಗಳೆಂದರೆ ಎಲ್ಲರ ಕಣ್ಣೂ ಸ್ಪಿಟ್‌ಫೈರ್ ಮೇಲೆ. ಮೇಸ್ತ್ರಿಯ ಕಣ್ಣು, ಅದೂ ಒಂದೇ, ಹರಿಕೇನ್ ಮೇಲೆ. ದಪ್ಪ ರೆಕ್ಕೆ, ಗೂನು ಬೆನ್ನು, ಹಿಂಭಾಗದಲ್ಲಿ ಲೋಹದ ಬದಲು ಬಟ್ಟೆ ಹೊದಿಕೆ. ಬಟ್ಟೆಯ ಅಡಿಯಿಂದ ಪಕ್ಕೆಲುಬು ಎದ್ದು ಕಾಣುವ, ನೋಡಿದರೆ ಊಟ ಹಾಕೋಣ ಅನ್ನಿಸುವ ವಿಮಾನ. ಅದರ ದೊಡ್ಡ ಮಾದರಿ ಬೇಕು, ನಿಜದ ಇಪ್ಪತ್ತನಾಲ್ಕನೇ ಒಂದು ಪಾಲು, ರೆಕ್ಕೆ ತುದಿಯಿಂದ ತುದಿಗೆ ಅರ್ಧ ಮೀಟರಿಗೂ ಒಂದು ಬೆರಳು ಹೆಚ್ಚು, ಬಟ್ಟೆಯ ಜೋಲು ಸರಿಯಾಗಿ ಮೂಡಿರಬೇಕು ಎಂದು ಅವನು ಹದಿನಾಲ್ಕು ವರ್ಷ ಕಾದಿದ್ದ.

ಒಂದು ಭಾನುವಾರ ಹೆಂಡತಿಯ ತಮ್ಮ ಕೈಯಲ್ಲಿ ಫೋನ್ ಹಿಡಿದು ಬಂದ. ಅವನದು ಜೆರಾಕ್ಸ್ ಅಂಗಡಿ. ಪ್ರಪಂಚದ ಸುದ್ದಿ ಅವನಿಗೆ ಬೇಗ ಮುಟ್ಟುತ್ತಿತ್ತು.

"ಭಾವ, ಕೂತ್ಕೊಳ್ಳಿ."

"ಕೂತಿದ್ದೀನಲ್ಲೋ."

"ಹಾಗಾದ್ರೆ ಗಟ್ಟಿಯಾಗಿ ಕೂತ್ಕೊಳ್ಳಿ. ಹರಿಕೇನ್ ಬರ್ತಿದೆ. ಇಪ್ಪತ್ನಾಲ್ಕನೇ ಒಂದು. ಇನ್ನು ನಾಲ್ಕು ತಿಂಗಳಲ್ಲಿ. ಕಂಪನಿಯವರೇ ಹಾಕಿದ್ದಾರೆ."

ಮೇಸ್ತ್ರಿ ಫೋನನ್ನು ಈಸಿಕೊಂಡು, ಎಡಗಣ್ಣು ಮುಚ್ಚಿ, ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಬಟ್ಟೆಯ ಜೋಲು ಹದವಾಗಿತ್ತು. ಎದ್ದು ಒಳಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದ. ಅದು ನೀರೋ ಇನ್ನೊಂದೋ ಎಂದು ವಿಚಾರಿಸುವ ಧೈರ್ಯ ಭಾವಮೈದುನನಿಗೆ ಆಗಲಿಲ್ಲ.

ವಿಚಾರಿಸುವ ಧೈರ್ಯ ಇದ್ದದ್ದು ಹೆಂಡತಿಗೆ. ಆಕೆ ಇಪ್ಪತ್ತೇಳು ವರ್ಷದಿಂದ ಸಾರ್ವಜನಿಕ ಲೈಬ್ರರಿಯ ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರುವವಳು. ವಾಪಸ್ ತರದವರನ್ನು ಕನ್ನಡಕದ ಮೇಲಿಂದ ನೋಡಿಯೇ ಬೆವರಿಳಿಸುವವಳು.

"ಎಷ್ಟು ದೊಡ್ಡದು ಪೆಟ್ಟಿಗೆ?"

ಮೇಸ್ತ್ರಿ ಎರಡೂ ಕೈ ಚಾಚಿ ತೋರಿಸಿದ. ತೋರಿಸುತ್ತ ತೋರಿಸುತ್ತ ಮರ್ಯಾದೆಗೆ ಸ್ವಲ್ಪ ಒಳಕ್ಕೆ ತಂದ.

"ನಮ್ಮ ಲೈಬ್ರರೀಲಿ ಒಂದು ವಾಪಸ್ ಬರದೆ ಇನ್ನೊಂದು ಕೊಡಲ್ಲ. ಇನ್ಮೇಲೆ ಈ ಮನೇಲೂ ಅಷ್ಟೇ. ಇರೋದ್ರಲ್ಲಿ ಒಂದನ್ನ ಕಟ್ಟಿ ಮುಗಿಸಿ. ಆಮೇಲೆ ಹರಿಕೇನೋ ಗಿರಿಕೇನೋ ಒಳಗೆ ಬರ್ಲಿ. ಇಲ್ದಿದ್ರೆ ಅದು ನನ್ನ ತಮ್ಮನ ಅಂಗಡಿಗೆ."

"ನಮ್ಮ ಅಂಗಡೀಲಿ ಜಾಗ ಇದೆ ಅಕ್ಕ," ಎಂದ ತಮ್ಮ.

"ನೀನು ಬಾಯ್ಮುಚ್ಕೊಂಡಿರು," ಎಂದ ಭಾವ.

ಮರುದಿನ ಆಕೆ ಲೈಬ್ರರಿಯಿಂದ ಖಾಲಿ ಚೀಟಿಯೊಂದನ್ನೂ ತಾರೀಖಿನ ಮೊಹರನ್ನೂ ತಂದಳು. ಪೆಟ್ಟಿಗೆಗಳಲ್ಲೆಲ್ಲ ಚಿಕ್ಕದನ್ನು ಆರಿಸಿ, ಮುಚ್ಚಳದ ಒಳಬದಿಗೆ ಚೀಟಿ ಅಂಟಿಸಿ, ಎಪ್ಪತ್ತು ದಿನಗಳ ಮುಂದಿನ ತಾರೀಖನ್ನು ಠಕ್ಕೆಂದು ಒತ್ತಿದಳು. ಆ ಪೆಟ್ಟಿಗೆಯಲ್ಲಿ ಇದ್ದದ್ದು, ಯಾರ ಹೊಟ್ಟೆಯುರಿಯೋ ಏನೋ, ಗೇಣಗಲದ ಸ್ಪಿಟ್‌ಫೈರ್.

ಮೊದಲ ಮೂವತ್ತು ದಿನ ಮೇಸ್ತ್ರಿ ಜೋಡಣೆಯ ಕಾಗದ ಓದಿದ. ಆಮೇಲೆ ಹತ್ತು ದಿನ ಅಡ್ಡದಾರಿ ಹುಡುಕಿದ. ಕಟ್ಟಿದ ವಿಮಾನವನ್ನೇ ಯಾರಿಂದಲಾದರೂ ತರಿಸಿ ತೋರಿಸಿದರೆ ಹೇಗೆ ಎಂದು ಭಾವಮೈದುನನ ಕಿವಿಯಲ್ಲಿ ಕೇಳಿದ. "ಅಕ್ಕ ಮೊಹರು ಹಾಕಿದ್ಮೇಲೆ ನಾನು ಈ ಕೇಸಿಗೆ ಬರಲ್ಲ ಭಾವ," ಎಂದು ಅವನು ಜಾರಿಕೊಂಡ. ನಲವತ್ತೊಂದನೇ ದಿನ, ಯುದ್ಧಕ್ಕೆ ಹೊರಟ ಸೇನಾಪತಿಯ ಮುಖ ಹೊತ್ತು, ಮೇಸ್ತ್ರಿ ಮೊದಲ ಭಾಗವನ್ನು ಕತ್ತರಿಸಿ ತೆಗೆದ. ಒಡಲಿನ ಎರಡು ಹೋಳು ಕೂಡಿದವು. ರೆಕ್ಕೆ ಕೂತಿತು. ಚಕ್ರ ನಿಂತಿತು. ಅರವತ್ತನೇ ದಿನ ನೋಡಿದರೆ ಪ್ರೊಪೆಲ್ಲರಿನ ಮೂರು ಎಲೆಗಳಲ್ಲಿ ಒಂದು ಇಲ್ಲ. ಹನ್ನೊಂದು ವರ್ಷ ಮಂಚದ ಕೆಳಗೆ ಮೂಸಿ ಮೂಸಿ ಇಟ್ಟದ್ದರಲ್ಲಿ ಯಾವಾಗ ಮುರಿದು ಎಲ್ಲಿ ಉದುರಿತೋ.

ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಹಲ್ಲುದುರಿದ ಬಾಯಿಗಳನ್ನೇ ನೋಡಿ ಬೆಳೆದವನಿಗೆ ಇದೇನು ಹೊಸದು? ಉಳಿದ ಎಲೆಯೊಂದರ ಅಚ್ಚು ತೆಗೆದು, ಮೂರೂ ಒಂದೇ ಸಮ ಇರಲೆಂದು ಮೇಣದಲ್ಲಿ ಮೂರು ಮಾಡಿ, ನಡುವಿನ ಗುಂಡಿಗೆ ಕೂಡಿಸಿದ. ಆ ದಿನ ಮುಂಗೋಣೆಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಪೂರ್ತಿ ಸೆಟ್ಟಿಗೆ ಅಕ್ರಿಲಿಕ್ ಕಲೆಸಿತ್ತು. ಮಿಕ್ಕ ಕಣಕವನ್ನು ಪ್ರೊಪೆಲ್ಲರಿನ ಅಚ್ಚಿಗೆ ತುಂಬಿದ. ಬಣ್ಣ ವಸಡಿನದಾದರೇನು, ಮೇಲೆ ಕಪ್ಪು ಬಳಿದರಾಯಿತು. ಎರಡನ್ನೂ ಒಟ್ಟಿಗೆ ಕುದಿಸಿ, ಒಟ್ಟಿಗೆ ಉಜ್ಜಿ, ಮೂವತ್ತು ವರ್ಷದ ರೂಢಿ ಬಿಡದೆ ಎರಡನ್ನೂ ಮಿರಮಿರ ಮಿಂಚಿಸಿ, ಒಂದೇ ಅಳತೆಯ ಎರಡು ಬಿಳಿ ಡಬ್ಬಿಗಳಲ್ಲಿ ಇಟ್ಟ.

ಬೆಳಿಗ್ಗೆ ಕ್ಲಿನಿಕ್ಕಿನ ಅಟೆಂಡರ್ ಬಂದು ಕೈಗೆ ಸಿಕ್ಕ ಡಬ್ಬಿ ಒಯ್ದ. ಹನ್ನೊಂದಕ್ಕೆ ಹಲ್ಲಿನ ಡಾಕ್ಟರಮ್ಮನ ಫೋನ್ ಬಂತು.

"ಮೇಸ್ತ್ರಿ, ಒಂದು ಅನುಮಾನ. ಇದು ಮೇಲಿನ ದವಡೆಯೋ ಕೆಳಗಿನದೋ?"

"ಎರಡೂ ಇದೆ ಡಾಕ್ಟ್ರೇ. ಅಗಲ ಇರೋದು ಮೇಲಿಂದು."

"ಇಲ್ಲಿ ಮೂರಿದೆ."

ಮೇಸ್ತ್ರಿ ಪಕ್ಕದ ಡಬ್ಬಿಯ ಮುಚ್ಚಳ ತೆಗೆದ. ಮೂವತ್ತೆರಡೇ ಅಲ್ಲದಿದ್ದರೂ ಇಪ್ಪತ್ತೆಂಟು ಹಲ್ಲುಗಳು ಅವನನ್ನು ನೋಡಿ ನಕ್ಕವು.

"ಮೂರೂ ಒಂದೇ ಗುಂಡಿಗೆ ಅಂಟ್ಕೊಂಡಿವೆ," ಡಾಕ್ಟರಮ್ಮ ವಿವರಿಸುತ್ತಲೇ ಇದ್ದರು. "ಫಿನಿಶಿಂಗ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಎಲ್ಲಿ ಕೂರಿಸಬೇಕು ಅಂತ ಗೊತ್ತಾಗ್ತಿಲ್ಲ."

ಫೋನಿನಲ್ಲಿ ಡಾಕ್ಟರಮ್ಮನ ಹಿಂದಿನಿಂದ ಬೊಚ್ಚುಬಾಯಿಯ, ಆದರೂ ಇಡೀ ಶಾಲೆಗೆ ಕೇಳಿಸುವಂಥ ದನಿ ಬಂತು. "ಇಲ್ಲಿ ಕೊಡಿ ನೋಡೋಣ. ಏನಯ್ಯ ಇದು? ಇದನ್ನ ಹಾಕ್ಕೊಂಡು ನಾನು ಊಟ ಮಾಡ್ಬೇಕೋ, ಹಾರ್ಬೇಕೋ?"

ಮೇಸ್ತ್ರಿ ಹಲ್ಲಿನ ಡಬ್ಬಿ ಎದೆಗವಚಿಕೊಂಡು ಕ್ಲಿನಿಕ್ಕಿಗೆ ಓಡಿದ. ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಒರಗಿ, ಪ್ರೊಪೆಲ್ಲರನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದರು. ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ: ಸ್ಪಿಟ್‌ಫೈರ್, ಚೀಟಿ, ಮೊಹರು, ಹರಿಕೇನ್. ಕಾಯುತ್ತಿದ್ದ ಇನ್ನೂ ನಾಲ್ಕು ರೋಗಿಗಳು ಹಲ್ಲುನೋವು ಮರೆತು ಕೇಳಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುವುದಕ್ಕೆ ಅಷ್ಟು ಜನ ಸಾಕು.

"ಅಂದ್ರೆ ಇದು ನನ್ನ ವಸಡಿನ ತುಂಡೇ," ಎಂದರು ಹೆಡ್‌ಮಿಸ್ಟ್ರೆಸ್.

"ಕ್ಷಮಿಸಿ ಮೇಡಂ. ಕಪ್ಪು ಬಣ್ಣ ಬಳೀತೀನಿ, ಗೊತ್ತೇ ಆಗಲ್ಲ."

"ಯಾಕಯ್ಯ ಬಳೀತೀಯಾ? ನನ್ನ ವಸಡಿಗೆ ಏನಾಗಿದೆ? ಹೀಗೇ ಇರ್ಲಿ. ಕಟ್ಟಿ ಮುಗಿಸಿ ತಂದು ತೋರಿಸು. ಬಣ್ಣ ಬಳಿದಿದ್ರೆ ಈ ಸೆಟ್ಟು ಬಾಯಿಗೆ ಸರಿಹೋಗಿಲ್ಲ ಅಂತ ದಿನಾ ನಿನ್ನ ಮನೆ ಬಾಗಿಲಿಗೆ ಬರ್ತೀನಿ."

ಮೇಸ್ತ್ರಿ ಗುಲಾಬಿ ಪ್ರೊಪೆಲ್ಲರನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದ. ದಾರಿಯಲ್ಲಿ ಒಂದು ವಿಚಿತ್ರ ಅನಿಸಿಕೆ ಅವನ ಬೆನ್ನು ಹತ್ತಿತು. ಯುದ್ಧವಿಮಾನದ ಮೂತಿಗೆ ಹೆಡ್‌ಮಿಸ್ಟ್ರೆಸ್ ವಸಡು. ಇನ್ನು ಕೆಡುವುದಕ್ಕೆ ಏನು ಉಳಿದಿದೆ? ಹತ್ತೊಂಬತ್ತು ವರ್ಷ ಅವನು ಕಾಪಾಡಿಕೊಂಡು ಬಂದ ಭಯಕ್ಕೆ ಕಾಲೂರಲು ಜಾಗವೇ ಸಿಗದೆ ಅದು ರಸ್ತೆಯಲ್ಲೇ ಎಲ್ಲೋ ಹಿಂದುಳಿಯಿತು.

ಆ ಮಧ್ಯಾಹ್ನ ಅವನು ಮೇಜಿಗೆ ಕೂತವನು ಸೀಟಿ ಹೊಡೆಯುತ್ತ ಬಣ್ಣ ಬಳಿದ. ಒಂದು ಕಡೆ ಬಣ್ಣ ಇಳಿಯಿತು; ಬಟ್ಟೆಯಿಂದ ಒರೆಸಿದ. ಇನ್ನೊಂದು ಕಡೆ ಚಿಹ್ನೆ ಓರೆ ಕೂತಿತು, ಹಾಗೇ ಬಿಟ್ಟ. ಗಾಜು ಕೂರಿಸುವಾಗ ಹೆಬ್ಬೆಟ್ಟು ಮತ್ತೆ ತಾಗಿತು. ಮೇಸ್ತ್ರಿ ಅದನ್ನು ಒಂದು ಕ್ಷಣ ನೋಡಿ, "ಸಹಿ ಆಯ್ತು," ಎಂದು ಗೊಣಗಿ ಮುಂದಿನ ಕೆಲಸಕ್ಕೆ ಹೋದ.

ಅರವತ್ತೆಂಟನೇ ದಿನ ಸ್ಪಿಟ್‌ಫೈರ್ ಊಟದ ಮೇಜಿನ ಮೇಲೆ ನಿಂತಿತು. ಹೆಂಡತಿ ಕನ್ನಡಕ ಏರಿಸಿ, ಪುಸ್ತಕದಲ್ಲಿ ಹಾಳೆ ಹರಿದಿದೆಯೇ ಎಂದು ನೋಡುವ ಹಾಗೆ, ಸುತ್ತಲೂ ಪರೀಕ್ಷಿಸಿದಳು.

"ಇದೇನ್ರೀ, ಮೂಗಿಗೆ ಲಿಪ್‌ಸ್ಟಿಕ್ಕು?"

"ಅದು ಹೆಡ್‌ಮಿಸ್ಟ್ರೆಸ್ ಆಜ್ಞೆ ಕಣೇ."

ಆಕೆ ನಗು ತಡೆದುಕೊಳ್ಳಲು ಮೊಹರನ್ನೇ ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಚೀಟಿಯ ಮೇಲೆ ಠಕ್ಕೆಂದು ಒತ್ತಿ, "ಎರಡು ದಿನ ಮುಂಚೆ. ನಮ್ಮ ಕೌಂಟರಿಗೆ ಇಂಥವರು ವರ್ಷಕ್ಕೆ ಮೂರು ಜನ ಬಂದ್ರೆ ಹೆಚ್ಚು. ಬರ್ಲಿ ನಿಮ್ಮ ಹರಿಕೇನ್," ಎಂದಳು. ಮಾತಿಗೆ ತಪ್ಪದೆ ಬೀರುವಿನ ಮೇಲಿನ ಹಾಸಿಗೆ ಗಂಟು ಇಳಿಸಿ, ಅರ್ಧ ಮೀಟರ್ ಮತ್ತು ಒಂದು ಬೆರಳಿನ ಜಾಗವನ್ನು ಟೇಪು ಹಿಡಿದು ಬಿಡಿಸಿದಳು.

ಮಾರನೇ ವಾರ ಮೇಸ್ತ್ರಿ, ಯಾರೂ ಹೇಳದೆ, ಮಂಚದ ಕೆಳಗಿನಿಂದ ಇನ್ನೊಂದು ಪೆಟ್ಟಿಗೆ ಎಳೆದ. ಅದು ಮುಗಿದ ಮೇಲೆ ಮತ್ತೊಂದು.

ಹೀಗಿರುವಾಗ ಭಾವಮೈದುನ ಒಂದು ಸಂಜೆ ಹಿತ್ತಲ ಬಾಗಿಲಿನಿಂದ ಬಂದ. ಮುಖ ಸೋತಿತ್ತು. ಕಂಪನಿಯವರು ಹರಿಕೇನನ್ನು ಒಂದೂವರೆ ವರ್ಷ ಮುಂದಕ್ಕೆ ಹಾಕಿದ್ದರು, ಅಚ್ಚು ಸರಿಬರಲಿಲ್ಲವಂತೆ.

"ಅವರಿಗೆ ಹೇಗೋ ಹೇಳೋದು?" ಎಂದಳು ಅಕ್ಕ. "ಹದಿನಾಲ್ಕು ವರ್ಷ ಕಾದವರು. ಎದೆ ಒಡ್ಕೊಳ್ತಾರೆ."

"ನಾನಂತೂ ಹೇಳಲ್ಲ. ಬರುತ್ತೆ ಅಂತ ಹೇಳಿದ್ದೇ ನಾನು. ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅವರು."

ಎರಡು ದಿನ ಮನೆಯಲ್ಲಿ ಪಿಸುಮಾತು. ಆಕೆ ಗಂಡನಿಗೆ ಚಹಾ ಎರಡೆರಡು ಸಲ ಕೊಟ್ಟಳು. ಹಿಂದೆಂದೂ ಕೇಳದವಳು, ಹರಿಕೇನಿನ ಬೆನ್ನು ಯಾಕೆ ಗೂನು ಎಂದು ಕೇಳಿದಳು. ಕೊನೆಗೆ, ಯಾರ ಮಾತಿಗೆ ಅವನು ತಿರುಗಿ ಮಾತಾಡುವುದಿಲ್ಲವೋ ಅವರನ್ನೇ ಕರೆತರುವುದೆಂದು ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ಹೊಸ ಹಲ್ಲು ಧರಿಸಿ ಮುಂದೆ, ಹೆಂಡತಿ ನಡುವೆ, ತಮ್ಮ ಓಡಿಹೋಗಲು ಅನುಕೂಲವಾಗುವಂತೆ ಬಾಗಿಲ ಬಳಿ, ಮೂವರೂ ಮುಂಗೋಣೆಗೆ ಬಂದರು. ತಲೆ ಸುತ್ತಿದರೆ ಇರಲಿ ಎಂದು ಹೆಂಡತಿಯ ಕೈಯಲ್ಲಿ ನೀರಿನ ಚೊಂಬಿತ್ತು.

ಮೇಸ್ತ್ರಿ ಮೇಜಿಗೆ ಬಗ್ಗಿ ಕೂತಿದ್ದ. ಅವನ ಎರಡೂ ಕೈಗಳ ನಡುವೆ ನಾಲ್ಕನೇ ವಿಮಾನದ ರೆಕ್ಕೆ.

ಹೆಡ್‌ಮಿಸ್ಟ್ರೆಸ್ ಗಂಟಲು ಸರಿಮಾಡಿಕೊಂಡರು. "ನೋಡಪ್ಪ, ಮನುಷ್ಯ ಅಂದ್ಮೇಲೆ ಗಟ್ಟಿ ಮನಸ್ಸಿರಬೇಕು. ಬಂದದ್ದನ್ನ ತಡ್ಕೊಳ್ಬೇಕು. ನಿನ್ನ ಹರಿಕೇನ್ ಈ ವರ್ಷ ಬರಲ್ಲವಂತೆ. ಮುಂದಿನ ವರ್ಷವೂ ಅನುಮಾನವಂತೆ."

ಹೆಂಡತಿ ಚೊಂಬನ್ನು ಮುಂದೆ ಹಿಡಿದಳು. ತಮ್ಮ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟ. ಮೇಸ್ತ್ರಿ ತಲೆ ಎತ್ತಲಿಲ್ಲ.

"ಹೌದಾ?" ಎಂದ. "ಆಮೇಲೆ ಹೇಳಿ ಮೇಡಂ. ಅಂಟು ಒಣಗ್ತಾ ಇದೆ."