ಸಹಿ ಬೀಳದ ಅರ್ಜಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹುಬ್ಬಳ್ಳಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ, ಯಾರು ಯಾವ ಕಾಗದ ಚಾಚಿದರೂ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದ. ಅದನ್ನು ನೋಡಿ ಬೆಳೆದ ನಾನು ಓದದೆ ಎಲ್ಲಿಯೂ ಸಹಿ ಮಾಡುವವಳಲ್ಲ. ಪರದೇಶಕ್ಕೆ, ಸ್ಟ್ರೀಟ್ಸ್‌ವಿಲ್ಲಿನ ಬೇಸ್‌ಮೆಂಟ್ ಮನೆಗೆ ಬಂದ ಮೇಲೂ ಸುತ್ತಲಿನವರ ಅರ್ಜಿಗಳನ್ನು ನಾನೇ ತುಂಬಿಕೊಡುತ್ತಿದ್ದೆ. "ಬಂದ್ರು ನೋಡು ನಿನ್ನ ಗಿರಾಕಿ" ಎಂದು ಗಂಡ ಚಾಷ್ಟಿ ಮಾಡುತ್ತಿದ್ದ.

2018ರ ಒಂದು ಭಾನುವಾರ ಮೇಲಿನ ಮನೆಯ ಅಜ್ಜ ಇಳಿದು ಬಂದರು. ಪಾಕಿಸ್ತಾನದ ಪಂಜಾಬಿನಲ್ಲಿ ಶಾಲಾ ಮಾಸ್ತರರಾಗಿದ್ದವರು, ಈಗ ಮಗನ ಜೊತೆ ಇದ್ದರು. ಎದುರಾದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಗಂಟಲು ಸರಿಯಿಲ್ಲವೇನೋ ಎಂದುಕೊಂಡಿದ್ದೆ. ಅವರದು ಉರ್ದು, ನನ್ನದು ಹುಬ್ಬಳ್ಳಿ ಹಿಂದಿ. ನೆನಪಿನಲ್ಲಿ ಮಾತ್ರ ಎಲ್ಲವೂ ನನ್ನ ಕನ್ನಡದಲ್ಲೇ ಕೇಳಿಸುತ್ತದೆ.

"ಊರಾಗ ತಂಗಿ ಹಾಸಿಗಿ ಹಿಡದಾಳ, ಬೇಟಿ. ಒಂದ್ಸಲ ಮುಖ ನೋಡಬೇಕು."

ಅವರಿಗೆ ಇಲ್ಲಿಯ ಪೌರತ್ವ ಇನ್ನೂ ಸಿಕ್ಕಿರಲಿಲ್ಲ, ಪಾಕಿಸ್ತಾನದ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಅಪ್ಪನ ಹೆಬ್ಬೆಟ್ಟಿನ ಕಥೆ ಹೇಳುತ್ತ ಲ್ಯಾಪ್‌ಟಾಪಿನಲ್ಲಿ ಹೊಸ ಪಾಸ್‌ಪೋರ್ಟಿನ ಅರ್ಜಿ ತೆರೆದು ಕೂತೆ. ಧರ್ಮದ ಚೌಕ ಬಂದಾಗ ಅವರನ್ನು ಕೇಳಲೂ ಇಲ್ಲ, ಮುಸ್ಲಿಂ ಎಂದು ಒತ್ತಿದೆ. ಕೆಳಗೊಂದು ಘೋಷಣೆ ತೆರೆಯಿತು. ರೂಢಿಯಂತೆ ಗಟ್ಟಿಯಾಗಿ ಓದಿ ಅರ್ಥ ಹೇಳಿದೆ: ಅಹ್ಮದಿಯಾ ಪಂಥದ ಸ್ಥಾಪಕ ಮೋಸಗಾರ, ಅವನನ್ನು ನಂಬುವವರು ಮುಸ್ಲಿಮರಲ್ಲ ಎಂದು ಒಪ್ಪಿ ಸಹಿ ಮಾಡಬೇಕು.

ಅಜ್ಜ ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. "ಅವರಂದ್ರ ನಾವೇ."

ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತಿದೆ. ಅವರೇ ಹೇಳಿದರು: "ಅಲ್ಲಿ ನಾವು ಮುಸ್ಲಿಂ ಅಂದ್ಕೊಳ್ಳೂದು ಅಪರಾಧ. ಸಲಾಂ ಅಂದಿದ್ದಕ್ಕ ನನ್ನ ಜೋಡಿ ಮಾಸ್ತರೊಬ್ಬರನ್ನ ಒಳಗ ಹಾಕಿದ್ರು. ಅವತ್ತಿನಿಂದ ನಾ ಸಲಾಂ ಬಾಯೊಳಗೇ ಅಂತೀನಿ."

"ಹಂಗಾರ ಅಹ್ಮದಿಯಾ ಅಂತನ ಬರಿಯೂಣು, ಚಾಚಾ."

"ಬರದ್ರ ಪಾಸ್‌ಪೋರ್ಟ್ ಸಿಗ್ತದ. ಆದ್ರ ಊರಿನ ವಿಳಾಸದ ವಿಚಾರಣೆಗೆ ಪೊಲೀಸರು ತಂಗಿ ಮನಿಗೇ ಹೋಗ್ತಾರ. ಅಕಿ ಯಾರಂತ ಆ ಓಣಿಗೆ ಗೊತ್ತಿಲ್ಲ."

ಆಗ ನಾನು ಹೇಳಬಾರದ ಮಾತು ಹೇಳಿದೆ. "ಬರೇ ಕಾಗದ ಅಲ್ಲೇನ್ರಿ? ಸಹಿ ಮಾಡಿಬಿಡ್ರಿ. ದೇವರಿಗೆ ಗೊತ್ತಿರ್ತದ."

ಅವರು ಸಿಟ್ಟಾಗಲಿಲ್ಲ. "ನಿಮ್ಮಪ್ಪ ಓದಾಕ ಬರದಿದ್ದಕ್ಕ ಹೆಬ್ಬೆಟ್ಟು ಒತ್ತಿದ ಅಂತ ನೀನೇ ಹೇಳಿದ್ದಿ. ನಾ ಓದಿ ಒತ್ತಲೇನವಾ?"

ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಹಿಮ ಕರಗುವ ಮೊದಲೇ ತಂಗಿ ತೀರಿಕೊಂಡ ಸುದ್ದಿ ಬಂತು. ಅಂದು ಇಡೀ ದಿನ ನಮ್ಮ ತಲೆಯ ಮೇಲೆ ಅವರ ಹೆಜ್ಜೆ ಕೇಳುತ್ತಲೇ ಇತ್ತು, ಆ ಗೋಡೆಯಿಂದ ಈ ಗೋಡೆಗೆ.

ಅರ್ಧ ತುಂಬಿದ ಅರ್ಜಿ ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಉಳಿದಿದೆ. ಅವರ ಹೆಸರಿನ ಕೆಳಗೆ ನಾನು ಒತ್ತಿದ ಮುಸ್ಲಿಂ ಎಂಬ ಪದ, ಅದರ ಕೆಳಗೆ ಸಹಿಯ ಖಾಲಿ ಜಾಗ. ಅಳಿಸಿಬಿಡಲು ಎಷ್ಟೋ ಸಲ ಕೂತಿದ್ದೇನೆ, ಬೆರಳು ಏಳುವುದಿಲ್ಲ. ಅಳಿಸಿದರೆ, ಅವರ ಹೆಸರಿನ ಬಳಿಯಿಂದ ಆ ಪದವನ್ನು ತೆಗೆದವರ ಸಾಲಿಗೆ ನಾನೂ ಸೇರಬೇಕಾಗುತ್ತದೆ.