ಕುರಿ ವರ್ಷದ ಇತ್ಸುಮಿ

ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಪದ್ಧತಿಯಂತೆ ಜೋಪಾನವಾಗಿ ಇಟ್ಟಿದ್ದ ಪುಟ್ಟ ಮರದ ಪೆಟ್ಟಿಗೆ ಬೀರುವಿನಲ್ಲಿ ಇರಲಿಲ್ಲ. ಸಾಯೊರಿ ಮೂರು ಸಲ ಹುಡುಕಿದಳು. ಮಾರನೆಯ ದಿನ ನೋಡಿದರೆ ಅದು ಇದ್ದ ಜಾಗದಲ್ಲೇ ಇತ್ತು. ಮುಚ್ಚಳ ಮಾತ್ರ ತಲೆಕೆಳಗಾಗಿತ್ತು. ಅಂದಿನಿಂದ ಅವಳ ತಲೆಯೊಳಗೆ ಹುಳ ಹೊಕ್ಕಿತು. ಗಂಡ ಶುಜಿಗೆ ತನ್ನ ಕಾಲುಚೀಲ ಎಲ್ಲಿದೆಯೆಂದೇ ಗೊತ್ತಿರುವುದಿಲ್ಲ, ಅವನು ಬೀರು ತೆಗೆಯುವ ಮಾತೇ ಇಲ್ಲ. ಉಳಿದವರು ಅತ್ತೆ ಇತ್ಸುಮಿ.

ಮಗಳು ನಗಿ ಹುಟ್ಟಿದ್ದು ಜನವರಿ ಎರಡರಂದು, ಪ್ರಾಣಿಗಳ ಹೆಸರಿನ ಪಂಚಾಂಗದಲ್ಲಿ ಅರವತ್ತು ವರ್ಷಕ್ಕೊಮ್ಮೆ ಬರುವ ಬೆಂಕಿ ಕುದುರೆಯ ವರ್ಷ ಕಾಲಿಟ್ಟ ಮರುದಿನ. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳಂತೆ. ಒಸಾಕಾದಲ್ಲಿ ಓದಿದ ಸಾಯೊರಿ ಇಂಥದ್ದಕ್ಕೆಲ್ಲ ನಗುವವಳು. ಆದರೆ ಸಬಾಯೆ ಊರಿನ ಈ ಓಣಿಯಲ್ಲಿ ಆ ನಗು ಹೊರಗೆ ಬರುತ್ತಿರಲಿಲ್ಲ. ಪಕ್ಕದ ಮನೆಯ ತನಿಗುಚಿ ಅಜ್ಜಿ ಮಗುವಿನ ಕೆನ್ನೆ ಸವರುತ್ತಲೇ, "ಎರಡೇ ಎರಡು ದಿನ ಅವಸರ ಮಾಡಿದ್ರೆ ಹಿಂದಿನ ಹಾವಿನ ವರ್ಷಕ್ಕೆ ಸೇರ್ಕೋತಿದ್ದೆಯಲ್ಲೇ ಪುಟ್ಟಿ. ಸೋಮಾರಿ," ಎಂದಿದ್ದಳು. ಇತ್ಸುಮಿ ಆಗ ಚಹಾ ಬಗ್ಗಿಸುತ್ತ ಏನೂ ಹೇಳಿರಲಿಲ್ಲ. ಆ ಸುಮ್ಮನಿರುವಿಕೆಯನ್ನೇ ಸಾಯೊರಿ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

ನೋಡಲು ಹೋದರೆ ಅತ್ತೆಯ ಬಾಳಿನಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮೂವತ್ತೈದು ವರ್ಷ ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಕನ್ನಡಕದ ಚೌಕಟ್ಟುಗಳಿಗೆ ಹೊಳಪು ಕೊಟ್ಟವರು. ಬೆರಳತುದಿಗಳು ಎಷ್ಟು ಸವೆದಿದ್ದವೆಂದರೆ ಮೊಬೈಲ್ ಅವರ ಬೆರಳನ್ನು ಗುರುತಿಸುತ್ತಿರಲಿಲ್ಲ. ಏಳು ವರ್ಷದ ಹಿಂದೆ ಗಂಡ ಊಟದ ಮುಂದೆಯೇ ಕುಸಿದು ತೀರಿಕೊಂಡಾಗ ಒಂದು ವಾರ ಯಂತ್ರ ನಿಲ್ಲಿಸಿದ್ದರು, ಅಷ್ಟೆ. ಓಣಿ ಗುಡಿಸುವ ಸರದಿ ಒಮ್ಮೆಯೂ ತಪ್ಪಿಸಿದವರಲ್ಲ. ಒಂದೇ ಒಂದು ವಿಚಿತ್ರ: ಶಾಲೆಯ ಹಳೆಯ ಗೆಳತಿಯರು ಸೇರುವ ಕೂಟಕ್ಕೆ ಅವರು ಯಾವತ್ತೂ ಹೋಗುತ್ತಿರಲಿಲ್ಲ. ಕರೆ ಬಂದಾಗಲೆಲ್ಲ ಹಲ್ಲುನೋವು ಬರುತ್ತಿತ್ತು.

ಈಗೀಗ ಇನ್ನೊಂದು ಸೇರಿಕೊಂಡಿತ್ತು. ಇತ್ಸುಮಿ ಯಾರಿಗೋ ಫೋನ್ ಮಾಡುವುದು, ಸಾಯೊರಿಯ ಹೆಜ್ಜೆ ಕೇಳಿದೊಡನೆ ಇಟ್ಟುಬಿಡುವುದು. ಜ್ಯೋತಿಷಿಗೇ ಇರಬೇಕು ಅಂದುಕೊಂಡಳು ಸಾಯೊರಿ. ಮೊಮ್ಮಗಳ ಪೆಟ್ಟಿಗೆ ಒಯ್ದು ತೋರಿಸಿ ಶಾಂತಿಯೋ ಮತ್ತೊಂದೋ ಮಾಡಿಸುತ್ತಿದ್ದಾರೆ. ಯಾರಿಗೆ ಗೊತ್ತು, ಮಗುವನ್ನೇ ಸ್ವಲ್ಪ ದಿನ ದೂರ ಇಡಿ ಅಂದಿರಲೂಬಹುದು. ನಗಿಯನ್ನು ಎತ್ತಿಕೊಂಡು ಒಸಾಕಾಕ್ಕೆ, ತಾಯಿಯ ಮನೆಗೆ ಹೋಗುವ ರೈಲಿನ ಸಮಯವನ್ನೂ ಅವಳು ನೋಡಿಟ್ಟಳು.

ಗುರುವಾರ ಒಗೆಯಲು ತೆಗೆದ ಅತ್ತೆಯ ಏಪ್ರನ್ನಿನ ಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಅದು ಜ್ಯೋತಿಷಿಯದಲ್ಲ. ಕ್ಯೋಟೊದ ಒಗಿನೊ ಎಂಬ ಸಮಾಜಶಾಸ್ತ್ರದ ಅಧ್ಯಾಪಕಿ ಊರ ಹೆಂಗಸರಿಗೆಲ್ಲ ಹಂಚಿದ್ದ ಪತ್ರ. ಹುಡುಗಿಯಾಗಿ ಬೆಳೆಯುವುದೆಂದರೆ ಆ ಕಾಲದಲ್ಲಿ ಹೇಗಿತ್ತು, ಮನೆಯಲ್ಲಿ, ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಏನೇನು ಕೇಳಬೇಕಾಯಿತು ಎಂದು ಆಕೆ ದಾಖಲಿಸುತ್ತಿದ್ದಾಳಂತೆ. ಕಳೆದ ಬೆಂಕಿ ಕುದುರೆಯ ವರ್ಷವಾದ ೧೯೬೬ರಲ್ಲಿ, ಇಲ್ಲವೆ ಅದರ ಅಂಚಿನ ದಿನಗಳಲ್ಲಿ ಹುಟ್ಟಿದವರು ದಯವಿಟ್ಟು ಮಾತಾಡಿ. ಹೊಕ್ಕುಳಬಳ್ಳಿಯ ಪೆಟ್ಟಿಗೆ ಇದ್ದರೆ ತನ್ನಿ. ಕೊನೆಯಲ್ಲಿ ಫೋನ್ ನಂಬರು.

ಪೆಟ್ಟಿಗೆ ಯಾಕೆ ಬೇಕು ಇವಳಿಗೆ? ಸಾಯೊರಿ ಒದ್ದೆ ಕೈಯಲ್ಲೇ ಹಿಂದಿನ ಕೋಣೆಗೆ ಹೋದಳು.

"ಅತ್ತೆ, ನಗಿ ಪೆಟ್ಟಿಗೆ ಇವರಿಗೆ ತೋರಿಸಿದ್ರಾ?"

ಇತ್ಸುಮಿ ಯಂತ್ರ ನಿಲ್ಲಿಸಿದರು. "ಅವರಿಗಲ್ಲ. ನಾನೇ ನೋಡೋಕೆ ತಗೊಂಡಿದ್ದೆ. ತಾರೀಖು ಏನ್ ಬರೆದಿದೆ ಅಂತ."

"ಹುಟ್ಟಿದ ತಾರೀಖೇ ಬರೆದಿರತ್ತೆ. ಇನ್ನೇನ್ ಬರೀತಾರೆ?"

"ಕಚೇರಿ ಕಾಗದದಲ್ಲಿ ಒಂದು, ಪೆಟ್ಟಿಗೆ ಮೇಲೆ ಒಂದು ಇರತ್ತೆ ಕೆಲವರದ್ದು. ನೀನೂ ಹಾಗೆ ಎಲ್ಲಾದ್ರೂ ಹಾವಿನ ವರ್ಷದ ತಾರೀಖು ಬರೆಸಿದ್ದೀಯೇನೋ ಅಂತ ಅನುಮಾನ ಬಂತಮ್ಮ."

ಇಷ್ಟು ದಿನ ತಾನು ಕಣ್ಣಿಟ್ಟಿದ್ದವರು ತನ್ನ ಮೇಲೇ ಕಣ್ಣಿಟ್ಟಿದ್ದರು. ಇತ್ಸುಮಿ ಮೇಲಿನ ಹಲಗೆಯಿಂದ ತಮ್ಮದೇ ಪೆಟ್ಟಿಗೆ ಇಳಿಸಿ ಅವಳ ಮುಂದಿಟ್ಟರು. ಮುಚ್ಚಳದ ಮೇಲೆ ಸೂಲಗಿತ್ತಿಯ ಕುಂಚದ ಅಕ್ಷರ: ೧೯೬೬, ಡಿಸೆಂಬರ್ ಇಪ್ಪತ್ತೊಂಬತ್ತು. ಆದರೆ ಈ ಮನೆಯ ಎಲ್ಲ ಕಾಗದಗಳಲ್ಲೂ ಇತ್ಸುಮಿ ಹುಟ್ಟಿದ್ದು ೧೯೬೭ರ ಜನವರಿ ಮೂರು, ಕುರಿಯ ವರ್ಷ.

ಅವರ ಅಪ್ಪ ಹೊಸವರ್ಷದ ರಜೆ ಮುಗಿಯುವವರೆಗೆ ಕಾದು ನಗರ ಕಚೇರಿಗೆ ಹೋಗಿ ಬರೆಸಿದ್ದನಂತೆ. ಸೂಲಗಿತ್ತಿ ಅವನ ಕಾಗದಕ್ಕೆ ಸಹಿ ಹಾಕಿಕೊಟ್ಟಳು, ಆದರೆ ಹೊಕ್ಕುಳಬಳ್ಳಿಯ ಮೇಲೆ ಸುಳ್ಳು ಬರೆಯುವ ಪಾಪಕ್ಕೆ ಅವಳು ಸಿದ್ಧಳಿರಲಿಲ್ಲ. ಅದು ಹೆಂಗಸರ ವಸ್ತು. ಅಪ್ಪ ಅದರ ಮುಚ್ಚಳ ತಿರುವಿ ನೋಡಲೇ ಇಲ್ಲ.

ಅಷ್ಟೆಲ್ಲ ಮಾಡಿಯೂ, ಏಪ್ರಿಲ್‌ನಿಂದ ಮುಂದಿನ ಮಾರ್ಚಿನೊಳಗೆ ಹುಟ್ಟಿದವರನ್ನೆಲ್ಲ ಒಂದೇ ತರಗತಿಗೆ ಸೇರಿಸುವುದರಿಂದ ಇತ್ಸುಮಿ ಕುದುರೆ ಹುಡುಗಿಯರ ನಡುವೆಯೇ ಕೂತರು. ಗಂಡುಹುಡುಗರು ಕುದುರೆಯಂತೆ ಕೆನೆದು ಅವರನ್ನು ಅಣಕಿಸುತ್ತಿದ್ದರು. ನಾನು ಕುರಿ, ನಾನು ಕುರಿ ಎಂದು ಇತ್ಸುಮಿ ಬೆಂಚು ಸರಿಸಿಕೊಂಡು ಆ ಹುಡುಗರ ಜೊತೆ ತಾವೂ ಕೆನೆದರು. ಹೆಚ್ಚಾಗಿ ಕೆನೆದದ್ದು ಮಿನೆಕೊಗೆ, ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದ ಗೆಳತಿಗೆ. ದೊಡ್ಡವಳಾದ ಮೇಲೆ ಮಿನೆಕೊಗೆ ಗೊತ್ತುಮಾಡಿದ್ದ ಸಂಬಂಧ ಹುಟ್ಟಿದ ವರ್ಷ ಕೇಳಿ ಮುರಿದುಬಿತ್ತು. ಮೂರು ತಿಂಗಳಿಗೆ ಅದೇ ಹುಡುಗನ ಮನೆಯಿಂದ ಇತ್ಸುಮಿಗೆ ಕೇಳಿಬಂತು. ಇತ್ಸುಮಿ ಹೂಂ ಅಂದರು.

"ಮದುವೆ ದಿನ ಬೆಳಿಗ್ಗೆ ಅಮ್ಮ ಈ ಪೆಟ್ಟಿಗೆ ಕೈಗಿಟ್ರು. ಕೊಡೋದು ಪದ್ಧತಿ ತಾನೆ. ಕಾರಲ್ಲಿ ಕೂತು ಓದಿದೆ. ಆಗಲೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ನಿಮ್ಮ ಮಾವ ಹೋದಾಗಂತೂ..."

"ಅತ್ತೆ, ನೀವೂ ಅದನ್ನ ನಂಬ್ತೀರಾ?"

"ನಂಬಲ್ಲ. ಹೆದರ್ತೀನಿ."

ಮೊಮ್ಮಗಳು ನಾಳೆ ಶಾಲೆಯಲ್ಲಿ ಕೆನೆತ ಕೇಳಿಕೊಂಡು ಬಂದಾಗಲೂ ತಾನು ಕುರಿಯಾಗಿ ಕೂತಿರಲಾರೆ ಎಂದು ಅವರು ನಿಧಾನವಾಗಿ ಹೇಳಿದರು. ಆ ಅಧ್ಯಾಪಕಿಗೆ ನಾಲ್ಕು ಸಲ ಫೋನ್ ಮಾಡಿ ಮಾತಾಡದೆ ಇಟ್ಟಿದ್ದರಂತೆ. ಸಾಯೊರಿಯ ಕಣ್ಣಮುಂದೆ ಮೊದಲು ಬಂದದ್ದು ಶುಜಿಯ ಮುಖ. ಆಮೇಲೆ ತನಿಗುಚಿ ಅಜ್ಜಿಯ ನಾಲಗೆ. ಒಂದೇ ಮನೆಯಲ್ಲಿ ಎರಡು ಕುದುರೆ, ಒಬ್ಬಳ ಗಂಡ ಆಗಲೇ ಸತ್ತಿದ್ದಾನೆ ಅನ್ನುತ್ತಾಳೆ. ಊರವರ ಹಳೆಯ ಗಾಯ ಕೆದಕಿ ಪುಸ್ತಕ ಮಾಡುವ ಈ ಒಗಿನೊಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

"ನೀನು ಓದಿದವಳು, ಅವರನ್ನ ನೀನೇ ಕೇಳಿ ನೋಡು," ಎಂದರು ಇತ್ಸುಮಿ.

ಮೂರು ದಿನ ಸಾಯೊರಿ ಆ ನಂಬರಿನ ತಂಟೆಗೇ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಯಂತ್ರ ಹಾಕದೆ ಸುಮ್ಮನೆ ಕೂತಿದ್ದನ್ನು ನೋಡಿ, ನಗಿಯನ್ನು ಅವರ ತೊಡೆಗಿಟ್ಟು ಫೋನ್ ಮಾಡಿದಳು. ವಕೀಲರಂತೆ ಪ್ರಶ್ನೆ ಕೇಳಿದಳು. ಧ್ವನಿಮುದ್ರಣ ಯಾರು ಕೇಳುತ್ತಾರೆ, ಎಲ್ಲಿಡುತ್ತೀರಿ, ಪೆಟ್ಟಿಗೆ ಒಯ್ಯುತ್ತೀರಾ. ಒಗಿನೊ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರಿಸಿದಳು. ಪೆಟ್ಟಿಗೆ ಮುಟ್ಟುವುದಿಲ್ಲ. ಹೆಸರು, ಊರು ಎರಡನ್ನೂ ಬದಲಾಯಿಸುತ್ತೇವೆ, ಯಾರಿಗೂ ಗುರುತು ಸಿಗುವುದಿಲ್ಲ.

ಸಾಯೊರಿ ಫೋನಿಗೆ ಕೈ ಅಡ್ಡ ಹಿಡಿದು ಅದನ್ನೇ ಅತ್ತೆಗೆ ಹೇಳಿದಳು. ಇತ್ಸುಮಿ ಬೇಡವೆಂದು ತಲೆಯಾಡಿಸಿದರು.

"ನನ್ನ ಹೆಸರೇ ಹಾಕ್ಲಿ ಅನ್ನು. ಇಲ್ದಿದ್ರೆ ಮಿನೆಕೊಗೆ ಹೇಗೆ ಗೊತ್ತಾಗತ್ತೆ?"

ಸಾಯೊರಿ ಫೋನನ್ನು ಮತ್ತೆ ಕಿವಿಗೆ ಹಿಡಿದಳು.

"ಮೇಡಂ, ಹೆಸರು ಬದಲಾಯಿಸೋದು ಬೇಡ. ಬರ್ಕೊಳ್ಳಿ, ಹೇಳ್ತೀನಿ."