ಎರಡು ಬೇಸಿಕ್ ಇಟ್ಟುಕೊಂಡ ಶಹಾಬುದ್ದೀನ್ ಮೇಷ್ಟ್ರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಗಡಿ ಮುಂದೆ ನಿಂತು ಹುಣಸೆಮರ, ಬಿಳಿ ಸೀರೆ ಅಂತ ಯಾರಾದರೂ ಶುರು ಮಾಡಿದರೆ, ಜೆರಾಕ್ಸ್ ಬೇಕೋ ಬೇಡವೋ ಎಂದು ಕೇಳಿ ಸಾಗಹಾಕುತ್ತೇನೆ. ಆದರೂ ಶಹಾಬುದ್ದೀನ್ ಮೇಷ್ಟ್ರ ವಿಷಯ ಬರೆಯುವಾಗ ಇದೊಂದನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಯಾರೋ ಹೇಳಿದ್ದಲ್ಲ, ನಾನೇ ಕಂಡದ್ದು.

ಕೆ.ಆರ್. ಪೇಟೆ ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ ಕೆಳಗೆ ನನ್ನ ಜೆರಾಕ್ಸ್ ಅಂಗಡಿ, ಮೇಲೆ ಅವರ ಕಂಪ್ಯೂಟರ್ ಕ್ಲಾಸು. ಅವರಪ್ಪ ಲಾರಿ ಡ್ರೈವರು. ಮೇಷ್ಟ್ರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಮೈಸೂರಿನಲ್ಲಿ ಕಂಪ್ಯೂಟರ್ ಕಲಿತು ಬಂದು ಕ್ಲಾಸು ತೆರೆದರು. ಏನನ್ನೂ ಎಸೆಯುವ ಜಾಯಮಾನ ಅವರದಲ್ಲ. ಮನೆ ತುಂಬ ಕೆಟ್ಟ ರೇಡಿಯೋಗಳ ರಾಶಿ. ‘ಈ ಸಾಮಾನಿನ ಮಧ್ಯೆ ನಾನೂ ಒಂದು ಅಳೇ ಸೆಟ್ಟು’ ಎಂದು ಅವರ ಹೆಂಡತಿ ಫಕ್ರುನ್ನೀಸಾ ನಗುತ್ತಿದ್ದರು.

ಕಂಪ್ಯೂಟರಿನಲ್ಲೂ ಅದೇ ಬುದ್ಧಿ. ಆಗ ಹುಡುಗರು ಬೇಸಿಕ್ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದರು. ಬರೆದದ್ದನ್ನು ಓಡಿಸಲು ಬೇಸಿಕ್ ಎಂಬುದೇ ಕಂಪ್ಯೂಟರಿನ ಒಳಗಿರಬೇಕು, ಇಲ್ಲದಿದ್ದರೆ ಅದು ಮಿಸುಕುವುದಿಲ್ಲ. ಹೊಸ ಬೇಸಿಕ್ ಬಂದಾಗ ಬೇರೆಯವರೆಲ್ಲ ಹಳೆಯದನ್ನು ಅಳಿಸಿ ನಿಶ್ಚಿಂತರಾದರು. ಮೇಷ್ಟ್ರು ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡರು. ಎರಡರ ಹೆಸರೂ ಒಂದೇ ಆದ್ದರಿಂದ ಒಂದೊಂದಕ್ಕೆ ಒಂದೊಂದು ಕೋಣೆ ಮಾಡಿದ್ದರು. ಮೊದಲು ಹಳೆಯದರ ಕೋಣೆಯಲ್ಲಿ ಹುಡುಕು, ಅಲ್ಲಿ ಸಿಗದಿದ್ದರೆ ಹೊಸದರ ಕೋಣೆಗೆ ಹೋಗು ಎಂದು ಕಂಪ್ಯೂಟರಿಗೆ ಹೇಳಿಟ್ಟಿದ್ದರು. ಯಾಕೆ ಈ ಎರಡು ಸಂಸಾರ ಎಂದು ನಾನು ರೇಗಿಸಿದರೆ, ‘ಅಳೇ ಉಡುಗ್ರು ಬರ್ದಿದ್ದು ಅಳೇದ್ರಲ್ಲೇ ಸರಿಯಾಗಿ ಓಡೋದು ನರಸಯ್ಯ. ಅವ್ರ ಕೆಲ್ಸ ಸಾಯ್ಬಾರ್ದು’ ಎನ್ನುತ್ತಿದ್ದರು.

ಹಾಗೆ ಉಳಿದದ್ದು ಸಿಂಧಘಟ್ಟದ ಕುಮಾರನ ಪ್ರೋಗ್ರಾಮು. ಕುಮಾರ ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ದಡದಲ್ಲಿ ಅಂಗಿ ಮಾತ್ರ ಇತ್ತು. ತಾಯಿ ಚಿಕ್ಕಬೋರಮ್ಮನಿಗೆ ಗಂಡ ಇಲ್ಲ, ಇದ್ದವನು ಇವನೊಬ್ಬನೇ. ಅವನು ಕ್ಲಾಸಿನಲ್ಲಿ ಬಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಆಯಮ್ಮ ಬಂದಾಗ, ಮೇಷ್ಟ್ರು ಸಮಾಧಾನಕ್ಕೆಂದು ಅವನು ಬರೆದಿದ್ದ ಒಂದು ಪ್ರೋಗ್ರಾಮು ಹಾಕಿ ತೋರಿಸಿದರು. ಅದಕ್ಕೆ ಅವನು ‘ಅವ್ವ’ ಎಂದೇ ಹೆಸರಿಟ್ಟಿದ್ದ. ಮನೆಯಲ್ಲಿ ಅವ್ವನ ಹತ್ತಿರ ಆಡುವ ಮಾತುಗಳನ್ನೆಲ್ಲ ತಮಾಷೆಗೆ ಅದರೊಳಗೆ ತುಂಬಿದ್ದ. ಗುಂಡಿ ಒತ್ತಿದರೆ, ಚೀಟಿ ಎತ್ತಿದ ಹಾಗೆ, ಒಂದು ಮಾತು ತೆರೆಯ ಮೇಲೆ ಬರುತ್ತಿತ್ತು. ಚಿಕ್ಕಬೋರಮ್ಮನಿಗೆ ಓದು ಬಾರದು. ಮೇಷ್ಟ್ರೇ ಓದಿ ಹೇಳಿದರು.

‘ಅವ್ವ, ಉಂಡ್ಯಾ?’

ಆಯಮ್ಮ ತೆರೆಯನ್ನೇ ನೋಡುತ್ತಾ, ‘ಊ ಕಣಪ್ಪ, ಉಂಡೆ’ ಎಂದರು.

ಅಲ್ಲಿಂದ ಪ್ರತಿ ಸಂತೆಯ ದಿನ ಬರತೊಡಗಿದರು. ಚೀಟಿ ಎತ್ತಿದ ಹಾಗೆ ಎಂದೆನಲ್ಲ, ಅದರಲ್ಲೊಂದು ವಿಶೇಷವಿತ್ತು. ಆ ಹಳೇ ಬೇಸಿಕ್ ಪ್ರತಿ ಸಲವೂ ಚೀಟಿಗಳನ್ನು ಒಂದೇ ಸಾಲಿನಲ್ಲಿ ಎತ್ತುತ್ತಿತ್ತು. ಮೊದಲು ‘ಅವ್ವ, ಉಂಡ್ಯಾ’, ಆಮೇಲೆ ‘ಎಮ್ಮೆ ಕಟ್ಟಿದ್ಯಾ’, ಆಮೇಲೆ ‘ಮಂಡಿನೋವು ಎಂಗೈತೆ’. ಅಷ್ಟಕ್ಕೆ ಉತ್ತರ ಕೊಟ್ಟು, ‘ಸಾಕು ಸಾಬ್ರೆ, ಅವ್ನಿಗೂ ಆಯಾಸ ಆಯ್ತದೆ’ ಎಂದು ಏಳುತ್ತಿದ್ದರು. ಮುಂದೆ ಏನೇನು ಮಾತುಗಳಿವೆಯೋ ಯಾರೂ ನೋಡಿರಲಿಲ್ಲ. ಕುಮಾರ ಅದಕ್ಕೆ ಬೀಗ ಹಾಕಿಟ್ಟಿದ್ದ, ಓಡಿಸಬಹುದೇ ಹೊರತು ಬಿಚ್ಚಿ ಓದುವಂತಿರಲಿಲ್ಲ. ತಾಯಿ ಮಗನ ಮಾತು ನಮಗ್ಯಾಕೆ ಎಂದು ಮೇಷ್ಟ್ರು ಮುಂದಕ್ಕೆ ಒತ್ತಿದವರೂ ಅಲ್ಲ. ಅವರು ಮೆಲ್ಲಗೆ ಓದುತ್ತಿದ್ದದ್ದು ಕೆಳಗಿದ್ದ ನನಗೆ ಕೇಳುತ್ತಿರಲಿಲ್ಲ, ಆಯಮ್ಮನ ಉತ್ತರ ಮಾತ್ರ ಕೇಳುತ್ತಿತ್ತು. ಸಂತೆಯ ಗದ್ದಲದ ನಡುವೆ, ನಡುಹಗಲಿನಲ್ಲಿ, ‘ಕಟ್ಟಿದ್ದೀನಿ ಮಗ’ ಎಂಬ ಆ ದನಿ ಬಂದರೆ ನಾನು ಜೆರಾಕ್ಸ್ ಯಂತ್ರ ನಿಲ್ಲಿಸಿ ಮೇಲಕ್ಕೆ ನೋಡುತ್ತಿದ್ದೆ.

ಪಿತೃಪಕ್ಷದಲ್ಲಿ ನಮ್ಮ ಕಡೆ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಬಂದು ಕೂರುತ್ತೇವೆ. ಅವರು ಉಣ್ಣುವುದನ್ನು ನಾವು ನೋಡಬಾರದು. ಚಿಕ್ಕಬೋರಮ್ಮನ ಮೈದುನ ತಮ್ಮಯ್ಯ ಪ್ರತಿ ವರ್ಷ ‘ಕುಮಾರಂಗೂ ಒಂದೆಲೆ ಆಕು ಅತ್ಗೆ’ ಎಂದು ಬೇಡುವುದು, ‘ಎಣ ಕಂಡೋರು ಯಾರು?’ ಎಂದು ಆಕೆ ಗದರುವುದು. ಎಡೆ ಇಟ್ಟರೆ ಮಗ ಸತ್ತ ಎಂದು ಒಪ್ಪಿಕೊಂಡ ಹಾಗೆ. ಇಡದೆ ಹೋದರೆ, ಅವನು ಸತ್ತದ್ದೇ ನಿಜವಾಗಿದ್ದರೆ, ಹಸಿದು ಅಲೆಯುತ್ತಾನೆ. ಈ ಎರಡರ ನಡುವೆ ಆ ತಾಯಿ ಸೊರಗಿ ಕಡ್ಡಿಯಾಗಿದ್ದರು. ನೋಡಲು ಸಂಕಟವಾಗುತ್ತಿತ್ತು.

ತೊಂಬತ್ತಾರರಲ್ಲಿ ಅಂತೂ ಒಪ್ಪಿದರು. ಆದರೆ ಎಡೆ ಕ್ಲಾಸಿನಲ್ಲೇ, ಕಂಪ್ಯೂಟರಿನ ಮುಂದೆಯೇ ಆಗಬೇಕು. ‘ಅವ್ನು ಮಾತಾಡೋದು ಅಲ್ಲೇ ಅಲ್ವಾ. ಉಂಡ್ಯಾ ಅಂತ ಅವ್ನು ಕೇಳ್ಲಿ, ನೀನೂ ಉಣ್ಣು ಬಾ ಅಂತ ಕರ್ದು ಬಾಗ್ಲು ಮುಚ್ತೀನಿ. ಜಾಗ ಸುದ್ದ ಮಾಡಿ ಇಟ್ಟಿರಿ ಸಾಬ್ರೆ’ ಎಂದರು.

ಮೇಷ್ಟ್ರು ನೆಲ ತೊಳೆದರು, ಜೇಡರ ಬಲೆ ಹೊಡೆದರು. ಈ ಹಬ್ಬಕ್ಕೆ ಮೂಲೆ ಮೂಲೆಯ ಹಳೆಯದನ್ನೆಲ್ಲ ಹೊರಗೆ ಹಾಕುವುದನ್ನು ನಮ್ಮವರ ಮನೆಗಳಲ್ಲಿ ಅವರು ಚಿಕ್ಕಂದಿನಿಂದ ಕಂಡವರು. ಹೊರಗೆ ತೊಳೆದು ಒಳಗೆ ಕಸ ಬಿಟ್ಟರೆ ಹೇಗೆ ಎಂದು ಕಂಪ್ಯೂಟರಿನ ಒಳಗನ್ನೂ ಗುಡಿಸಲು ಕೂತರು. ಜೀವಮಾನದಲ್ಲಿ ಒಂದು ಮೊಳೆ ಎಸೆಯದ ಮನುಷ್ಯ ಅವತ್ತು ಭಕ್ತಿಯಿಂದ ಎಸೆದರು. ಹಾಗೆ ಎಸೆದದ್ದರಲ್ಲಿ ಹಳೇ ಬೇಸಿಕ್ಕಿನ ಕೋಣೆಯೂ ಹೋಯಿತು, ಅವರಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಚಿಕ್ಕಬೋರಮ್ಮ ಎಲೆ ಹಾಕಿ ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ ಬಡಿಸಿದರು. ಊದುಬತ್ತಿ ಹಚ್ಚಿದರು. ತಮ್ಮಯ್ಯ ಬಾಗಿಲು ಎಳೆಯಲು ಚಿಲಕ ಹಿಡಿದು ನಿಂತಿದ್ದ, ನಾನು ಅವನ ಪಕ್ಕದಲ್ಲಿದ್ದೆ. ಮೇಷ್ಟ್ರು ಗುಂಡಿ ಒತ್ತಿದರು. ಹಳೇ ಬೇಸಿಕ್ ಸಿಗದೆ ಕಂಪ್ಯೂಟರು ತಕರಾರಿಲ್ಲದೆ ಹೊಸದರ ಹತ್ತಿರ ಹೋಗಿತ್ತು. ಹೊಸದು ಚೀಟಿ ಎತ್ತುವ ಸಾಲೇ ಬೇರೆ. ತೆರೆಯ ಮೇಲೆ ಬಂದದ್ದನ್ನು ನೋಡಿ ಮೇಷ್ಟ್ರು ಅದನ್ನು ಬಿಟ್ಟು ‘ಅವ್ವ, ಉಂಡ್ಯಾ’ ಎಂದು ಓದಿದರು.

‘ಅದಲ್ಲ,’ ಎಂದರು ಚಿಕ್ಕಬೋರಮ್ಮ. ‘ಅದು ಇಷ್ಟುದ್ದ ಇರಾಕಿಲ್ಲ. ಬ್ಯಾರೆ ಏನೋ ಯೋಳ್ತಾವ್ನೆ. ಇರೋದು ಓದಿ ಸಾಬ್ರೆ.’

ಮೇಷ್ಟ್ರು ಮತ್ತೆ ತೆರೆಯ ಕಡೆ ತಿರುಗಿದರು. ‘ತಡ ಆಯ್ತದೆ ಕಣವ್ವ. ಬಾಗ್ಲು ಹಾಕ್ಬೇಡ, ಬತ್ತೀನಿ’ ಎಂದು ಓದಿದರು.

ತಮ್ಮಯ್ಯ ಚಿಲಕ ಬಿಟ್ಟು ಹಿಂದೆ ಸರಿದ. ಚಿಕ್ಕಬೋರಮ್ಮ ಬಡಿಸಿದ್ದನ್ನೆಲ್ಲ ಮತ್ತೆ ಪಾತ್ರೆಗೆ ತುಂಬಿಕೊಂಡರು. ‘ಬತ್ತೀನಿ ಅಂತಾವ್ನೆ. ಬದುಕಿರೋನ್ಗೆ ಎಡೆ ಇಕ್ತಿದ್ನಲ್ಲ, ಪಾಪಿ ನಾನು.’

ಮೇಷ್ಟ್ರಿಗೆ ಅಷ್ಟರಲ್ಲಿ ತಪ್ಪು ಹೊಳೆದಿತ್ತು. ಬೇಸಿಕ್ ಬದಲಾಗಿದೆ, ಅದಕ್ಕೇ ಮಾತಿನ ಸಾಲು ಬದಲಾಗಿದೆ ಎಂದು ಕೈ ಮುಗಿದು ವಿವರಿಸಿದರು.

‘ಅದೆಲ್ಲ ನಂಗೊತ್ತಿಲ್ಲ. ಮಾತು ನನ್ ಮಗುಂದೇ ತಾನೆ?’ ಎಂದರು ಆಯಮ್ಮ.

ಪಿತೃಪಕ್ಷ ಮುಗಿಯುವ ಅಮಾವಾಸ್ಯೆಯ ಹಿಂದಿನ ದಿನ ತಮ್ಮಯ್ಯ ಸಿಂಧಘಟ್ಟದಿಂದ ಬಂದ. ಅತ್ತಿಗೆ ಅವತ್ತಿನಿಂದ ಬಾಗಿಲು ಹಾಕಿಯೇ ಇಲ್ಲವಂತೆ. ‘ಅಡ್ಗೆ ಮಾಡಿ ಒಸ್ಲಲ್ಲೇ ಕುಂತವ್ರೆ. ಅವ್ನು ಬರಗಂಟ ಒಂದ್ ತುತ್ತೂ ಉಣ್ಣಾಕಿಲ್ವಂತೆ. ಇಂಗೇ ಆದ್ರೆ ಎಲ್ಡನೇ ಎಣ ಬೀಳ್ತದೆ ಸಾಬ್ರೆ’ ಎಂದು ಮೆಟ್ಟಿಲ ಮೇಲೆ ಕುಸಿದ.

ಮಾರನೆಯ ಬೆಳಗ್ಗೆ ಮೇಷ್ಟ್ರು ಬಿಸ್ಕತ್ತಿನ ಡಬ್ಬದಲ್ಲಿದ್ದ ಫ್ಲಾಪಿ ಹುಡುಕಿ ಹಳೇ ಬೇಸಿಕ್ಕನ್ನು ಅದರ ಕೋಣೆಗೆ ಮತ್ತೆ ಸೇರಿಸಿದರು. ನನ್ನನ್ನು ಮೇಲಕ್ಕೆ ಕರೆದರು. ‘ನೀನೂ ನೋಡು ನರಸಯ್ಯ. ಮತ್ತೆ ಉಂಡ್ಯಾ ಅಂತ್ಲೇ ಬತ್ತದೆ. ಅಮ್ಮನ್ನ ಕರ್ಕೊಂಡ್ ಬಂದು ತೋರ್ಸಣ.’ ಮೊದಲು ಬೇರೆ ಹಳೇ ಹುಡುಗರ ಪ್ರೋಗ್ರಾಮು ಓಡಿಸಿ ನೋಡಿದರು. ಎಲ್ಲ ಮೊದಲಿನ ಹಾಗೇ ಓಡಿದವು. ಆಮೇಲೆ ಕುಮಾರನದನ್ನು ಹಾಕಿದರು.

‘ಬಡ್ಸಿಟ್ಟು ಬಾಗ್ಲು ಹಾಕ್ಕೊ ಅವ್ವ. ನಾನು ಉಣ್ತೀನಿ.’

ನಾನು ಓದಿದೆ. ಅವರೂ ಓದಿದರು. ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದರು. ಅದೇ ಮಾತು ಬಂತು. ಕೋಣೆ ನೋಡಿದರು, ಹಳೇ ಬೇಸಿಕ್ಕೇ ಇತ್ತು. ‘ಯಾ ಅಲ್ಲಾ, ಇದ್ರಲ್ಲಿ ಇದು ಮೊದ್ಲು ಬರಾಕೆ ಆಗಾಕಿಲ್ಲ’ ಎಂದು ಮೆಲ್ಲಗೆ ಅಂದರು. ನನಗೆ ಹೆದರಿಕೆಯಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ.

ಸಿಕ್ಕ ಮೊದಲ ಬಸ್ಸಿಗೇ ಸಿಂಧಘಟ್ಟಕ್ಕೆ ಹೋದೆವು. ಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಹೊಸ್ತಿಲಲ್ಲಿ ಕೂತಿದ್ದ ಚಿಕ್ಕಬೋರಮ್ಮನ ಎದುರು ಮೇಷ್ಟ್ರು ನೆಲದ ಮೇಲೇ ಕೂತು, ಕಂಡದ್ದನ್ನು ಕಂಡ ಹಾಗೆ ಹೇಳಿದರು.

‘ಅವ್ನೇ ಅಂದ್ನಾ?’

‘ಊನಮ್ಮ. ಬಡ್ಸಿಟ್ಟು ಬಾಗ್ಲು ಹಾಕ್ಕೊ ಅಂತ.’

ಆಯಮ್ಮ ತುಂಬ ಹೊತ್ತು ದಾರಿಯ ಕಡೆ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಎಲೆ ಹಾಸಿ, ಮಾಡಿಟ್ಟ ಅಡುಗೆಯನ್ನು ಬಡಿಸಿ, ‘ಕುಮಾರ, ಬಾ ಮಗ’ ಎಂದು ಕರೆದರು. ಹೊರಗೆ ಬಂದು ತಾವೇ ಬಾಗಿಲು ಎಳೆದುಕೊಂಡರು. ಜಗಲಿಯ ಮೇಲೆ ಕೂತ ಮೇಲೆ, ಮಗ ಹೋದಂದಿನಿಂದ ಅಳದಿದ್ದ ತಾಯಿ ಊರಿಗೆಲ್ಲ ಕೇಳುವಂತೆ ಅತ್ತರು. ಮೇಷ್ಟ್ರೂ ಅತ್ತರು.

ಸ್ವಲ್ಪ ಹೊತ್ತಾದ ಮೇಲೆ ತಮ್ಮಯ್ಯ ಬಾಗಿಲು ತೆಗೆಯಲು ಎದ್ದ. ಚಿಕ್ಕಬೋರಮ್ಮ ಅವನ ಪಂಚೆಯ ಅಂಚು ಹಿಡಿದು ಕೂರಿಸಿದರು.

‘ಇರು ತಮ್ಮಯ್ಯ,’ ಎಂದರು. ‘ಅವ್ನು ಉಣ್ಣೋದು ನಿಧಾನ.’